ಭೋಸರಿಯ ಲೂಬ್ರಿಕೆಂಟ್ ಅಂಗಡಿ: ಡಬ್ಬಿಯ ಬೆನ್ನು ಓದಿಸಿ ಎಣ್ಣೆ ಕೊಡುವವರು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎರಡು ಹೈಡ್ರಾಲಿಕ್ ಪ್ರೆಸ್‌ಗಳ ಸಣ್ಣ ಶೆಡ್ ನಡೆಸುವ ನಾನು, ಒಂದೂವರೆ ವರ್ಷದಿಂದ ಎಣ್ಣೆಯನ್ನೆಲ್ಲ ನಿಪ್ಪಾಣಿ ಕಡೆಯವರೊಬ್ಬರ ಅಂಗಡಿಯಿಂದಲೇ ತರುತ್ತಿದ್ದೇನೆ. ದರದಲ್ಲಿ ಅಲ್ಲಿ ವಿಶೇಷ ರಿಯಾಯಿತಿಯೇನೂ ಸಿಗುವುದಿಲ್ಲ. ಆದರೂ ಅಲ್ಲಿಗೇ ಹೋಗಲು ಕಾರಣವಾದದ್ದು ಒಂದು ಖಾಲಿ ಬಕೆಟ್.

ಬೇರೊಂದು ಕಡೆ ಕೊಂಡಿದ್ದ ಆ 20 ಲೀಟರ್ ಬಕೆಟ್ಟಿನ ಮೇಲೆ ‘ಐಎಸ್ಒ ಪ್ರಮಾಣಿತ’ (ಐಎಸ್ಒ ಅಂದರೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಎಂದು ದಪ್ಪಕ್ಷರದಲ್ಲಿತ್ತು. ಮೂರು ತಿಂಗಳೊಳಗೆ ಟ್ಯಾಂಕಿನಲ್ಲಿ ನೊರೆ ಏಳತೊಡಗಿತು. ಪಂಪು ಗೊರಗೊರ ಸದ್ದು ಮಾಡಿ, ಕೊನೆಗೆ ಬಿಚ್ಚಿದಾಗ ಒಳಗೆಲ್ಲ ಗೀರು ಬಿದ್ದಿತ್ತು. ಬಕೆಟ್ಟನ್ನು ಈ ಅಂಗಡಿಗೆ ಒಯ್ದು ತೋರಿಸಿದಾಗ ಮಾಲೀಕರು ಅದನ್ನು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿ, “ಇದು ಕಂಪನಿಗಿ ಕೊಟ್ಟ ಸರ್ಟಿಫಿಕೇಟ್ ರೀ, ಎಣ್ಣಿಗಿ ಕೊಟ್ಟಿದ್ದಲ್ಲ” ಎಂದರು.

ಆ ಬಕೆಟ್ಟಿನ ಮೇಲೆ ‘ಐಎಸ್ಒ’ ಎರಡು ಕಡೆ ಇತ್ತು, ಎರಡರ ಅರ್ಥವೂ ಬೇರೆ. ಐಎಸ್ಒ 9001 ಎಂಬುದು ಕಾರ್ಖಾನೆಯ ಗುಣಮಟ್ಟ ನಿರ್ವಹಣೆಯ ವ್ಯವಸ್ಥೆಗೆ ಸಿಗುವ ಪ್ರಮಾಣಪತ್ರ. ಒಳಗಿನ ಎಣ್ಣೆ ಹೇಗಿದೆಯೆಂದು ಅದು ಹೇಳುವುದಿಲ್ಲ. ಐಎಸ್ಒ ವಿಜಿ 68 ಎಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆಯ ಸ್ನಿಗ್ಧತೆ (ಹರಿಯುವುದಕ್ಕೆ ಅದು ಒಡ್ಡುವ ತಡೆ) 61.2ರಿಂದ 74.8 ಸೆಂಟಿಸ್ಟೋಕ್‌ನೊಳಗೆ ಇದೆ ಎಂದಷ್ಟೇ. ಪಂಪಿನ ಸವೆತ ತಡೆಯುವ ಗುಣ ಬೇಕೆಂದರೆ ಹುಡುಕಬೇಕಾದದ್ದು ಜರ್ಮನಿಯ ಮಾನದಂಡವಾದ ಡಿಐಎನ್ 51524ರ ಎರಡನೆಯ ಭಾಗದ ಎಚ್ಎಲ್‌ಪಿ ಅಥವಾ ಐಎಸ್ಒ 11158ರ ಎಚ್ಎಂ ಎಂಬ ಅಕ್ಷರಗಳನ್ನು. ನನ್ನ ಬಕೆಟ್ಟಿನಲ್ಲಿ ಎರಡೂ ಇರಲಿಲ್ಲ, ಮತ್ತು ಹತ್ತು ವರ್ಷ ಪ್ರೆಸ್ ನಡೆಸಿದ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ಈಗ ಬ್ಯಾರಲ್ ತರುವಾಗಲೆಲ್ಲ ಅದರ ಜೊತೆ ತಯಾರಕರ ಪರೀಕ್ಷಾ ವರದಿ ಬರುತ್ತದೆ. ಅಂಗಡಿಯ ಹುಡುಗ ವರದಿಯಲ್ಲಿರುವ ಬ್ಯಾಚ್ ನಂಬರನ್ನು ಬ್ಯಾರಲ್ಲಿನ ಮುಚ್ಚಳದ ಮೇಲೆ ಒತ್ತಿದ ನಂಬರಿಗೆ ಬೆರಳಿಟ್ಟು ತಾಳೆ ನೋಡಿ, ಆಮೇಲೆಯೇ ಟೆಂಪೋಗೆ ಏರಿಸುತ್ತಾನೆ. ಹೋದ ಸಲದ ವರದಿಯಲ್ಲಿ ಸ್ನಿಗ್ಧತೆ 67.4 ಎಂದಿತ್ತು.

ವಾಹನದ ಎಣ್ಣೆಯ ವಿಷಯದಲ್ಲಿ ಅವರ ಎಚ್ಚರ ಇನ್ನೂ ಹೆಚ್ಚು. ಡಬ್ಬಿಯ ಮೇಲೆ ‘ಎಪಿಐ ಗುಣಮಟ್ಟಕ್ಕೆ ಸಮ’ (ಎಪಿಐ ಅಂದರೆ ಎಂಜಿನ್ ಎಣ್ಣೆಗೆ ದರ್ಜೆ ಕೊಡುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂದು ಬರೆದಿದ್ದರೆ ಅದು ತಯಾರಕರ ಸ್ವಂತ ಮಾತು. ಎಪಿಐಯ ದುಂಡನೆಯ ಮುದ್ರೆ ಇದ್ದರೆ ಅದು ಪರವಾನಗಿ ಪಡೆದ ಎಣ್ಣೆ, ಹಾಗೂ ಆ ಪರವಾನಗಿಯನ್ನು ಸಂಸ್ಥೆಯ ಪಟ್ಟಿಯಲ್ಲಿ ಫೋನಿನಲ್ಲೇ ಹುಡುಕಬಹುದು ಎಂಬ ವ್ಯತ್ಯಾಸವನ್ನು ನಾನು ಕಲಿತದ್ದು ಅವರ ಕೌಂಟರಿನಲ್ಲೇ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ (ಡಿಪಿಎಫ್) ಇರುವ ನನ್ನ ಬಿಎಸ್-6 ಟೆಂಪೋಗೆ ಅಗ್ಗದ, ಹಳೆಯ ಎಪಿಐ ದರ್ಜೆಯಾದ ಸಿಐ-4 ಪ್ಲಸ್ ಎಣ್ಣೆ ಕೇಳಿದಾಗ ಅವರು ಕೊಡಲೇ ಇಲ್ಲ. 2016ರ ಕೊನೆಗೆ ಬಂದ ಸಿಕೆ-4 ದರ್ಜೆಯಲ್ಲಿ ಸಲ್ಫೇಟೆಡ್ ಬೂದಿಗೆ (ಎಣ್ಣೆ ಸುಟ್ಟಾಗ ಉಳಿಯುವ ಬೂದಿಗೆ) ಶೇ. 1ರ ಮಿತಿಯಿದೆ. ಅದು ಬೇಕಾದದ್ದೇಕೆಂದರೆ, ಫಿಲ್ಟರಿನಲ್ಲಿ ಕೂತ ಮಸಿ ಸುಟ್ಟು ಹೋಗುತ್ತದೆ, ಎಣ್ಣೆಯ ಬೂದಿ ಮಾತ್ರ ಅಲ್ಲೇ ಉಳಿದು ಫಿಲ್ಟರನ್ನು ಮುಚ್ಚಿಬಿಡುತ್ತದೆ. ವಾಹನದ ಕೈಪಿಡಿಯಲ್ಲಿಯೂ ಸಿಕೆ-4 ಎಂದೇ ಇತ್ತೆಂಬುದನ್ನು ಮನೆಗೆ ಬಂದು ನೋಡಿದೆ. ಮಗನ ಬೈಕಿಗೆ ಕಾರಿನ ಎಣ್ಣೆ ಮಿಕ್ಕಿದೆಯಲ್ಲ ಎಂದದ್ದಕ್ಕೆ, “ಕ್ಲಚ್ ಜಾರತೈತ್ರಿ” ಎಂದು ಬೈಕಿನ ಎಣ್ಣೆಗೆಂದೇ ಇರುವ ಜಪಾನಿನ ದರ್ಜೆಯಾದ ಜಾಸೊ ಎಂಎ2 ಡಬ್ಬಿಯನ್ನೇ ಮುಂದಿಟ್ಟರು.

ದೂರುಗಳೂ ಇವೆ. ಒಂದು ಲೀಟರಿನ ಡಬ್ಬಿಗಳಿಗೆ ವರದಿ ಕೇಳಿದರೆ “ನೋಡೋಣ” ಎನ್ನುತ್ತಾರೆ, ಬರುವುದಿಲ್ಲ. ಬಿಲ್ಲಿನಲ್ಲಿ ‘ಹೈಡ್ರಾಲಿಕ್ 68’ ಎಂದಷ್ಟೇ ಬರೆಯುತ್ತಾರೆ. ನಾಳೆ ತಕರಾರು ಬಂದರೆ ಆ ಕಾಗದದಿಂದ ಏನನ್ನೂ ಸಾಧಿಸಲಾಗದು. ಎಲ್ಲಕ್ಕಿಂತ ನನಗೆ ಸರಿಯೆನಿಸದ್ದು, ಇಷ್ಟೆಲ್ಲ ತಿಳಿದವರು ಮೂಲೆಯ ಬ್ಯಾರಲ್ಲಿನಿಂದ ಗೇರ್ ಆಯಿಲನ್ನು ಬಿಡಿಯಾಗಿ ಅಳೆದು ಕೊಡುವುದು: ಗಿರಾಕಿಯ ಹಳೆಯ ಕ್ಯಾನಿಗೆ ಇಳಿದ ಮೇಲೆ ಆ ಎಣ್ಣೆಗೆ ದರ್ಜೆಯೂ ಇಲ್ಲ, ಬ್ಯಾಚೂ ಇಲ್ಲ. ಹೋದ ವಾರ ಇದನ್ನು ಹೇಳಿದೆ. ನಕ್ಕರು, ಆದರೆ ನನ್ನ ಬಿಲ್ಲಿನ ಕೆಳಗೆ ಬ್ಯಾಚ್ ನಂಬರನ್ನು ಪೆನ್ನಿನಲ್ಲಿ ಬರೆದುಕೊಟ್ಟರು.