ಜೈಪುರ ಕಾಲು: ಹಳ್ಳಿಯಲ್ಲಿ ವರ್ಷಗಟ್ಟಲೆ ಹಾಕಿಕೊಂಡವಳ ಅನುಭವ

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರಿಗೆ ಜೈಪುರ ಕಾಲು ಎಂಬ ಕೃತಕ ಕಾಲು ಸಾಕಾ, ಇಲ್ಲಾ ಸಾಲ ಮಾಡಿಯಾದರೂ ದುಬಾರಿ ಕಾಲು ಕೊಳ್ಳಬೇಕಾ? ನನ್ನ ಹತ್ತಿರ ರವಿಕೆ ಹೊಲಿಸಲು ಬರುವವರು ಇದನ್ನು ಆಗಾಗ ಕೇಳುತ್ತಾರೆ. ಅವರ ಮನೆಯಲ್ಲೋ ನೆಂಟರಲ್ಲೋ ಯಾರಿಗಾದರೂ ಅಪಘಾತ ಆಗಿರುತ್ತದೆ. ಹಳ್ಳಿಯಲ್ಲಿ ಬದುಕುವವರಿಗೆ ಸಾಕು ಎಂದೇ ನಾನು ಹೇಳುವುದು. ಆದರೆ ಕಾಲಿಗಿಂತ, ಅದನ್ನು ರಿಪೇರಿ ಮಾಡಿಕೊಡುವ ಜಾಗ ಎಲ್ಲಿದೆ ಅನ್ನುವುದು ಮುಖ್ಯ.

ನನ್ನ ಎಡಗಾಲು ಹೋಗಿದ್ದು ರೈಲಿನಿಂದ. ಕೂಲಿಗೆ ಹೋಗುತ್ತಿದ್ದ ನಮ್ಮ ಟೆಂಪೋ ಕಾವಲಿಲ್ಲದ ಗೇಟು ದಾಟುವಾಗ ರೈಲು ಗುದ್ದಿತು. ಅಂಥ ಗೇಟಿನಲ್ಲಿ ಗಾಡಿ ನಿಲ್ಲಿಸಬೇಕು, ಕ್ಲೀನರ್ ಇಳಿದು ಹಳಿಯವರೆಗೆ ನಡೆದು ಹೋಗಿ, ರೈಲು ಬರುತ್ತಿಲ್ಲ ಎಂದು ನೋಡಿ ದಾಟಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 131ನೇ ಕಲಮಿನಲ್ಲಿದೆ. ಅವತ್ತು ಯಾರೂ ಇಳಿಯಲಿಲ್ಲ. 2019ರ ಜನವರಿ ಹೊತ್ತಿಗೆ ಬ್ರಾಡ್‌ಗೇಜ್ ಹಳಿಗಳ ಮೇಲಿದ್ದ ಅಂಥ ಗೇಟುಗಳನ್ನೆಲ್ಲ ತೆಗೆದರು. ತುಂಬಾ ಒಳ್ಳೆಯ ಕೆಲಸ. ಅದಕ್ಕೂ ಮೊದಲು ಪೆಟ್ಟು ತಿಂದ ನಾವು ಮಾತ್ರ ಇನ್ನೂ ಅದರ ಜೊತೆಗೇ ಏಗುತ್ತಿದ್ದೇವೆ.

ಈ ಕಾಲನ್ನು 1960ರ ದಶಕದ ಕೊನೆಯಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಮೂಳೆ ಡಾಕ್ಟರ್ ಪಿ.ಕೆ. ಸೇಠಿ ಅವರು ಸೇರಿ ರೂಪಿಸಿದರು. ಪಾದ ರಬ್ಬರಿನದು, ಒಳಗೆ ಮರ. ಮೇಲಿನ ಭಾಗ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿನದು. ಮೊಂಡುಗಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ. ಆಮೇಲೆ ಪೈಪನ್ನು ಕಾಯಿಸಿ ಆ ಅಚ್ಚಿನ ಮೇಲೆ ಎಳೆಯುತ್ತಾರೆ. ನೋಡಲು ಸರಳ. ಆದರೆ ನಮ್ಮ ಬದುಕು ಗೊತ್ತಿದ್ದವರೇ ಮಾಡಿದ್ದು ಅನ್ನುವುದು ಹಾಕಿಕೊಂಡ ಮೇಲೆ ತಿಳಿಯುತ್ತದೆ. ಬರಿಗಾಲಲ್ಲಿ ಅಡುಗೆಮನೆಗೆ ಹೋಗಬಹುದು. ಚಪ್ಪಲಿ ಬಿಟ್ಟು ದೇವಸ್ಥಾನದ ಒಳಗೆ ಹೋಗಬಹುದು. ಕೆಸರಲ್ಲಿ ನಡೆದು ಬಂದು ತೊಳೆದುಕೊಂಡರೆ ಆಯಿತು. ಪಾದ ಎಲ್ಲಾ ಕಡೆಗೂ ಸ್ವಲ್ಪ ಬಾಗುವುದರಿಂದ ನೆಲದಲ್ಲಿ ಚಕ್ಕಲಮಕ್ಕಲ ಹಾಕಿ ಕೂತು ಬಟ್ಟೆ ಕತ್ತರಿಸುತ್ತೇನೆ. ಮೆಷಿನ್ ತುಳಿಯುವುದು ಬಲಗಾಲಲ್ಲಿ, ಎಡಗಾಲು ಪೆಡಲ್ ಮೇಲೆ ಸುಮ್ನೆ ಕೂತಿರುತ್ತದೆ.

ತೊಂದರೆಗಳೂ ಇವೆ. ಬೇಸಿಗೆಯಲ್ಲಿ ಸಾಕೆಟ್ ಒಳಗೆ, ಅಂದರೆ ಮೊಂಡುಗಾಲು ಕೂರುವ ಗೂಡಿನಲ್ಲಿ, ಬೆವರು ನಿಂತು ಚರ್ಮ ಹಣ್ಣಾಗುತ್ತದೆ. ದಿನಾ ರಾತ್ರಿ ಕಾಲು ಬಿಚ್ಚಿ, ಕನ್ನಡಿ ಹಿಡಿದು ಅಡಿಭಾಗ ನೋಡಿಕೊಳ್ಳಲೇಬೇಕು. ಕೆಂಪಾಗಿದ್ದರೆ ಮಾರನೇ ದಿನ ಹಾಕುವ ಹಾಗಿಲ್ಲ, ಊರುಗೋಲೇ ಗತಿ. ಮಧ್ಯಾಹ್ನದ ಹೊತ್ತಿಗೆ ಮೊಂಡುಗಾಲು ಸ್ವಲ್ಪ ಇಳಿದು ಸಾಕೆಟ್ ಸಡಿಲವಾಗುತ್ತದೆ, ಆಗ ಮೊಂಡುಗಾಲಿಗೆ ಇನ್ನೊಂದು ಕಾಲುಚೀಲ ಏರಿಸಬೇಕು. ಆಪರೇಷನ್ ಆದ ಮೊದಲ ವರ್ಷವಂತೂ ಮೊಂಡುಗಾಲು ಸೊರಗುತ್ತಲೇ ಇರುತ್ತದೆ. ಆಗ ಕೊಟ್ಟ ಸಾಕೆಟ್ ಬಹಳ ದಿನ ಬರುವುದಿಲ್ಲ, ಅದನ್ನು ಮೊದಲೇ ತಿಳಿದಿರಿ.

ಇಲ್ಲೇ ಶಿಬಿರದ ಕಾಲಿಗೂ ವರ್ಕ್‌ಶಾಪಿನ ಕಾಲಿಗೂ ವ್ಯತ್ಯಾಸ ಗೊತ್ತಾಗುವುದು. ನನ್ನ ಮೊದಲ ಕಾಲು ಒಂದು ಉಚಿತ ಶಿಬಿರದಲ್ಲಿ ಸಿಕ್ಕಿತು. ಬೆಳಗ್ಗೆ ಅಳತೆ, ಸಂಜೆ ಕಾಲು. ಎದ್ದು ನಿಂತಾಗ ಅಮ್ಮ ಅತ್ತೇಬಿಟ್ಟಳು. ಕೆಲವು ತಿಂಗಳಲ್ಲಿ ಸಾಕೆಟ್ ಕುಲುಕಾಡತೊಡಗಿತು, ಆಗ ಕೇಳಲು ಆ ಊರಲ್ಲಿ ಯಾರೂ ಇರಲಿಲ್ಲ. ಈಗ ಹೋಗುವುದು ಬೆಂಗಳೂರಿನ ಒಂದು ಚಿಕ್ಕ ವರ್ಕ್‌ಶಾಪಿಗೆ. ಅಲ್ಲಿನ ಅಣ್ಣ ಮೊದಲು ನನ್ನನ್ನು ನಡೆಸಿ ನೋಡುತ್ತಾರೆ, ಆಮೇಲೆ ಬೆನ್ನು ಹೇಗಿದೆ, ಬಲ ಮೊಣಕಾಲು ಹೇಗಿದೆ ಅಂತ ಕೇಳುತ್ತಾರೆ. ಯಾಕೆಂದರೆ ಇಷ್ಟು ವರ್ಷ ಭಾರವೆಲ್ಲ ಬಲಗಾಲಿನ ಮೇಲೇ ಬಿದ್ದಿದೆ. ಹೋದ ಕಾಲಿಗಿಂತ ಇರುವ ಕಾಲೇ ಈಗ ಜಾಸ್ತಿ ನೋಯುತ್ತದೆ. ಕೃತಕ ಕಾಲಿನ ಉದ್ದ ಸ್ವಲ್ಪ ಆಚೀಚೆ ಆದರೂ ಸೊಂಟ ಹಿಡಿಯುತ್ತದೆ, ಅಷ್ಟನ್ನು ಸರಿ ಮಾಡಿಕೊಟ್ಟಿದ್ದಕ್ಕೇ ನಾನು ಅಲ್ಲಿಗೆ ಪೂರ್ತಿ ಅಂಕ ಕೊಡುತ್ತೇನೆ.

ಇಲ್ಲದ ಪಾದದ ನೋವನ್ನೂ ಹೇಳಬೇಕು. ಹೆಬ್ಬೆರಳು ಯಾರೋ ತಿರುಚಿದ ಹಾಗೆ ಆಗುತ್ತದೆ, ಅದೂ ರಾತ್ರಿ. ಮನೆಯವರಿಗೆ ಹೇಳಿದರೆ ನಂಬುವುದು ಕಷ್ಟ ಅಲ್ವಾ? ವರ್ಕ್‌ಶಾಪಿನ ಫಿಸಿಯೋ ಮೇಡಂ ನಂಬಿದರು. ಎರಡೂ ಕಾಲಿನ ನಡುವೆ ಉದ್ದದ ಕನ್ನಡಿ ಇಟ್ಟು, ಬಲ ಪಾದ ಆಡಿಸುತ್ತಾ ಅದರ ಬಿಂಬವನ್ನೇ ನೋಡಲು ಹೇಳಿಕೊಟ್ಟರು. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಕಂಡುಕೊಂಡ ವಿಧಾನವಂತೆ. ಎಲ್ಲರಿಗೂ ಕೆಲಸ ಮಾಡುವುದಿಲ್ಲ ಎಂದೂ ಫಿಸಿಯೋ ಮೇಡಂ ಅವರೇ ಹೇಳಿದರು. ನನಗೆ ನೋವು ಪೂರ್ತಿ ಹೋಗಿಲ್ಲ, ನಿದ್ದೆ ಮಾತ್ರ ಬರುತ್ತಿದೆ. ರೈಲಿನ ಹಾರ್ನ್ ಕೇಳಿದರೆ ಇವತ್ತಿಗೂ ಕೈ ನಡುಗುತ್ತದೆ. ಅದಕ್ಕೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗುತ್ತೇನೆ, ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಮೊಣಕಾಲಿನ ಮೇಲೆ ಕಾಲು ಹೋದವರ ಲೆಕ್ಕವೇ ಬೇರೆ. ಅವರಿಗೆ ಕೃತಕ ಮಂಡಿಯೂ ಬೇಕು, ನನ್ನ ಮಾತನ್ನು ಅಲ್ಲಿಗೆ ಅನ್ವಯಿಸಬೇಡಿ. ನನ್ನಂಥವರು ಅಳತೆಗೆ ಹೋಗುವಾಗ ದಿನಾ ಹಾಕುವ ಚಪ್ಪಲಿ ಮತ್ತು ಕಾಲುಚೀಲ ತೆಗೆದುಕೊಂಡು ಹೋಗಿ. ಚಪ್ಪಲಿಯ ಹಿಮ್ಮಡಿ ಎತ್ತರ ಬದಲಾದರೆ ನಿಲ್ಲುವ ಭಂಗಿಯೇ ಬದಲಾಗುತ್ತದೆ. ಕಾಲು ಕೈಗೆ ಬಂದ ಮೇಲೆ ಅಲ್ಲೇ ನಡೆದು, ಮೆಟ್ಟಿಲು ಹತ್ತಿ ಇಳಿದು, ಬಿಚ್ಚಿ ಚರ್ಮ ತೋರಿಸಿ. ಸಾಕೆಟ್ ಸಡಿಲವಾದರೆ ಯಾರನ್ನು ಕೇಳಬೇಕು ಅಂತ ಹೆಸರು, ಫೋನ್ ನಂಬರ್ ಬರೆಸಿಕೊಂಡೇ ಹೊರಡಿ.