ಹೈಬ್ರಿಡ್ ಕಾರಿನ ಡಿಕ್ಕಿಯಲ್ಲಿರುವ ಆ ಸಣ್ಣ ಬ್ಯಾಟರಿ: ನನಗಾದದ್ದು ನಿಮಗಾಗದಿರಲಿ

ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವ ಕಾರು) ಇರುವವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಂಡವರು, ಐದು ನಿಮಿಷ ಇದನ್ನು ಓದಿ. ಒಂದೇ ತಿಂಗಳಲ್ಲಿ ಮೂರು ಬ್ಯಾಟರಿಗಳ ಮುಖ ನೋಡಿದೆ. ಡಿಕ್ಕಿಗೆ ತುಕ್ಕು ಹಿಡಿಯಿತು. ತಪ್ಪಿನಲ್ಲಿ ಅರ್ಧ ನನ್ನದೇ.

ನಾವಿರುವುದು ಪುಣೆಯ ಸಿಂಹಗಡ ರೋಡಿನ ಕಡೆ. ಊರು ಧಾರವಾಡ. ಕಾರು 2014ರ ಕ್ಯಾಮ್ರಿ ಹೈಬ್ರಿಡ್, ನಮ್ಮ ಬಿಡದಿಯಲ್ಲೇ ಜೋಡಿಸಿದ್ದು. ಕಾರಿನ ಬಗ್ಗೆ ನನ್ನ ದೂರು ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲೆಲ್ಲ ಊರಿಗೆ ಇದರಲ್ಲೇ ಹೋಗಿ ಬರುತ್ತಿದ್ದೆವು. 2024ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಶುರುವಾಯಿತು ನೋಡಿ, ಅಂದಿನಿಂದ ಕಾರಿಗೆ ಮನೆಯೇ ಗತಿ. ಮನೆಯವಳಿಗೆ ಕಾತ್ರಜ್ ಘಾಟಿನ ಟ್ರಾಫಿಕ್ ತಪ್ಪಿತೆಂಬ ಖುಷಿ. ನಿಂತ ಕಾರಿನೊಳಗೆ ಏನಾಗುತ್ತದೆ ಅಂತ ಇಬ್ಬರೂ ಯೋಚಿಸಲಿಲ್ಲ.

ಈ ಬೇಸಿಗೆಯಲ್ಲಿ ಮನೆಯ ಮದುವೆಗೆ ಅಂತ ಊರಿಗೆ ಹೋದವರು 22 ದಿನ ಅಲ್ಲೇ ಉಳಿದೆವು. ವಾಪಸ್ ಬಂದ ಮರುದಿನ ಕಾರಿನ ಬಳಿ ಹೋದರೆ ಬಾಗಿಲು ತೆರೆಯಲಿಲ್ಲ. ಸ್ಮಾರ್ಟ್ ಕೀ ಒತ್ತಿ ಒತ್ತಿ ಬೆರಳು ನೋವು ಬಂತು. ಆ ಕೀಯೊಳಗೆ ಒಂದು ಸಣ್ಣ ಲೋಹದ ಚಾವಿ ಅಡಗಿರುತ್ತದೆ, ಅದನ್ನು ಎಳೆದು ತೆಗೆದು ಬಾಗಿಲು ತೆರೆದೆ. ಒಳಗೆ ಒಂದು ದೀಪವೂ ಇಲ್ಲ. ಬಟನ್ ಒತ್ತಿದರೆ ಟಿಕ್ ಅನ್ನುವ ಸದ್ದೂ ಇಲ್ಲ.

ಕೆಳಗಿನ ಮನೆಯ ಪಾಟೀಲ ಕಾಕಾ ವಿಜಯಪುರದವರು. ಗಾಡಿ ಅಂದರೆ ಜೀವ. ಲುಂಗಿ ಮೇಲೆತ್ತಿ ಕಟ್ಟಿಕೊಂಡು ಬಂದೇ ಬಿಟ್ಟರು. "ಏನಾತೋ ತಮ್ಮಾ? ಹೈಬ್ರಿಡ್ ಬ್ಯಾಟರಿ ಹೋತೇನ? ಲಕ್ಷಗಟ್ಲೆ ಆಗತೈತಿ ಅಂತಾರ ಮತ್ತ!"

ನನ್ನ ಎದೆ ಧಸಕ್ ಅಂದಿತು. ಇಲ್ಲೇ ಬಹಳ ಜನ ಎಡವುವುದು. ಈ ಕಾರುಗಳಲ್ಲಿ ಬ್ಯಾಟರಿ ಎರಡಿರುತ್ತವೆ. ಒಂದು ದೊಡ್ಡದು. ನನ್ನ ಕಾರಿನಲ್ಲಿ ಅದು ಹಿಂದಿನ ಸೀಟಿನ ಬೆನ್ನಿಗಿದೆ, 244.8 ವೋಲ್ಟಿನ ನಿಕಲ್ ಬ್ಯಾಟರಿ. ಕಾರು ಓಡಿಸುವುದೂ ಎಂಜಿನ್ ತಿರುಗಿಸುವುದೂ ಅದೇ. ಇನ್ನೊಂದು ಸಣ್ಣದು, 12 ವೋಲ್ಟಿನದು, ಡಿಕ್ಕಿಯ ಮೂಲೆಯಲ್ಲಿ ಕೂತಿರುತ್ತದೆ. ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯನ್ನು ಕಾರಿಗೆ ಸೇರಿಸುವ ರಿಲೇ ಅನ್ನುವ ಸ್ವಿಚ್ಚು ಒತ್ತುವುದು, ಇದೇ ಅದರ ಮುಖ್ಯ ಕೆಲಸ. ಆದರೆ ಅದು ಸತ್ತರೆ ದೊಡ್ಡದು ತುಂಬಿದ್ದರೂ ದಂಡ. ಖಜಾನೆ ತುಂಬ ದುಡ್ಡಿದ್ದು ಕೀಲಿಕೈ ಕಳೆದ ಹಾಗೆ.

ಇದರಲ್ಲಿ ಇನ್ನೊಂದು ಮೋಸವಿದೆ. ಸಾಮಾನ್ಯ ಕಾರಿನ ಬ್ಯಾಟರಿ ಸೊರಗಿದರೆ ಬೆಳಿಗ್ಗೆ ಸೆಲ್ಫ್ ಹೊಡೆಯುವಾಗಲೇ ಗುರ್ ಗುರ್ ಅಂತ ನರಳುತ್ತದೆ, ನಮಗೆ ಗೊತ್ತಾಗುತ್ತದೆ. ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿ, ಹಾಗಾಗಿ ಸಣ್ಣದಕ್ಕೆ ನರಳುವ ಅವಕಾಶವೇ ಇಲ್ಲ. ನಿನ್ನೆ ಚೆನ್ನಾಗಿತ್ತು, ಇವತ್ತು ಹೆಣ.

ನನ್ನದು ಸತ್ತದ್ದು ಡ್ಯಾಶ್‌ಕ್ಯಾಮ್‌ನಿಂದ. ನಿಂತಾಗಲೂ ರೆಕಾರ್ಡ್ ಆಗಲಿ ಅಂತ ಅದಕ್ಕೆ ಬ್ಯಾಟರಿಯಿಂದ ನೇರ ವೈರ್ ಎಳೆಸಿದ್ದೆ. ಲೆಕ್ಕ ಆಮೇಲೆ ಹಾಕಿದೆ. ಅದು ಎಳೆಯುವುದು ಕಾಲು ಆಂಪಿಯರ್. ದಿನದ 24 ಗಂಟೆಗೆ 6 ಆಂಪಿಯರ್-ಅವರ್. ನನ್ನ ಸಣ್ಣ ಬ್ಯಾಟರಿ ಇದ್ದದ್ದೇ 45ರದು. ಅಂದರೆ ಒಂದು ವಾರಕ್ಕೆ ಖಾಲಿ. ಉಳಿದ ಹದಿನೈದು ದಿನ, ಪುಣೆಯ ಆ ಬಿಸಿಲಿನಲ್ಲಿ, ಖಾಲಿ ಬ್ಯಾಟರಿ ಹಾಗೇ ಬಿದ್ದಿತ್ತು. ಸೀಸದ ಬ್ಯಾಟರಿ ಖಾಲಿಯಾಗಿ ಬಿದ್ದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ.

ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟ್ ಕೊಡುವ ಜಂಪ್ ಕೇಬಲನ್ನು ಕಾಕಾ ತಮ್ಮ ಗಾಡಿಯಿಂದ ತಂದರು. ಪುಣ್ಯಕ್ಕೆ ಕಾರಿನ ಪುಸ್ತಕ ಕೈಯಲ್ಲಿತ್ತು. ಜಂಪ್ ಮಾಡಲು ಡಿಕ್ಕಿಗೆ ಹೋಗಬೇಕಿಲ್ಲ, ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸಿನಲ್ಲೇ ಅದಕ್ಕೊಂದು ಪಾಸಿಟಿವ್ ಟರ್ಮಿನಲ್ ಇದೆ. ನೆಗೆಟಿವ್ ಅನ್ನು ಬಣ್ಣ ಬಳಿಯದ ಗಟ್ಟಿ ಲೋಹಕ್ಕೆ ಸಿಕ್ಕಿಸಬೇಕು. ಕೆಂಪು ಕಪ್ಪು ಅದಲು ಬದಲಾದರೆ ಫ್ಯೂಸ್ ಹಾರುವುದಷ್ಟೇ ಅಲ್ಲ, ದುಬಾರಿ ಎಲೆಕ್ಟ್ರಾನಿಕ್ಸ್ ಸುಡಬಹುದು. ಮೂರು ಸಲ ನೋಡಿ ಹಾಕಿದೆವು. ಕಾರು ಹೊರಡಲು ಸಿದ್ಧ ಅನ್ನುವ ‘ರೆಡಿ’ ದೀಪ ಬಂತು. ಸಾರಸಬಾಗ್‌ವರೆಗೆ ಹೋಗಿ ಬಂದೆ, ಇಪ್ಪತ್ತೋ ಇಪ್ಪತ್ತೈದೋ ನಿಮಿಷ. ಆಯ್ತು ಅಂದುಕೊಂಡೆ. ಮರುದಿನ ಮತ್ತೆ ಅದೇ ಕಥೆ. ಪೂರ್ತಿ ಸತ್ತ ಬ್ಯಾಟರಿ ಅರ್ಧ ಗಂಟೆಯಲ್ಲಿ ತುಂಬುತ್ತದೆ ಅಂದುಕೊಂಡದ್ದು ನನ್ನ ದಡ್ಡತನ.

ಆಮೇಲೆ ಕರೆದದ್ದು ಒಬ್ಬ ಬ್ಯಾಟರಿ ಅಂಗಡಿಯವನನ್ನು. ಅಂಗಡಿ ಹೆಸರು ಬೇಡ. ದಯವಿಟ್ಟು ಇಲ್ಲಿಂದ ಮುಂದೆ ನಿಧಾನವಾಗಿ ಓದಿ.

ಅವನು ಬ್ಯಾಟರಿ ಬಿಚ್ಚಿಕೊಂಡು ಹೋದ. "ರಾತ್ರಿ ಚಾರ್ಜಿಗೆ ಹಾಕ್ತೀನಿ, ಬೆಳಿಗ್ಗೆ ಹೊಸದರ ಹಾಗೆ ಇರುತ್ತೆ" ಅಂದ. ಬೆಳಿಗ್ಗೆ ಹೋದರೆ ಅಂಗಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿ ಮುಟ್ಟಲಾಗದಷ್ಟು ಬಿಸಿ, ಪಕ್ಕೆಗಳು ಉಬ್ಬಿವೆ. ಮೇಲಿನ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟಿ ಎಬ್ಬಿಸಿ ಡಿಸ್ಟಿಲ್ಡ್ ವಾಟರ್ ಬೇರೆ ಸುರಿದಿದ್ದ. "ಒಳಗೆ ನೀರೇ ಇರಲಿಲ್ಲ ಸಾಹೇಬ್ರೇ" ಅಂತ ನನಗೇ ಪಾಠ ಹೇಳಿದ.

ನೀರು ತುಳುಕಾಡುವಷ್ಟು ಇರಬಾರದು ಅಂತಲೇ ಅದು ಸೀಲ್ಡ್! ಇದಕ್ಕೆ ಎಜಿಎಂ ಬ್ಯಾಟರಿ ಅನ್ನುತ್ತಾರೆ. ಆಸಿಡ್ ದ್ರವವಾಗಿ ನಿಂತಿರುವುದಿಲ್ಲ, ಪ್ಲೇಟುಗಳ ನಡುವಿನ ಗಾಜಿನ ನೂಲಿನ ಹಾಸಿನಲ್ಲಿ ಹೀರಿಕೊಂಡು ಕೂತಿರುತ್ತದೆ. ಚಾರ್ಜ್ ಆಗುವಾಗ ಹುಟ್ಟುವ ಆಮ್ಲಜನಕ ಒಳಗೇ ಮತ್ತೆ ನೀರಾಗಿ ಸೇರುತ್ತದೆ. ಅದಕ್ಕೇ ನೀರು ಹಾಕಬೇಕಾಗಿಲ್ಲ. ಆದರೆ ಜೋರಾಗಿ ಚಾರ್ಜ್ ಮಾಡಿದರೆ ಗ್ಯಾಸ್ ಜಾಸ್ತಿಯಾಗಿ ಒಳಗಿನ ವಾಲ್ವ್ ತೆರೆದು ಹೊರಗೆ ಬಿಡುತ್ತದೆ. ಹಾಗೆ ಹೋದ ನೀರು ಹೋಯಿತು. ಅದನ್ನು ಮೇಲಿಂದ ಸುರಿದು ಸರಿಮಾಡುವಂತಿಲ್ಲ. ಇಂಥ ಬ್ಯಾಟರಿಗೆ ನಾಲ್ಕೈದು ಆಂಪಿಯರಿಗಿಂತ ಹೆಚ್ಚು ಕೊಡಬಾರದು, ವೋಲ್ಟೇಜು 14.7ರ ಆಸುಪಾಸು ದಾಟಬಾರದು. ಲಾರಿ ಬ್ಯಾಟರಿಗೆ ಹಚ್ಚುವ ಬೂಸ್ಟ್ ಚಾರ್ಜರನ್ನು ಇದಕ್ಕೆ ಹಚ್ಚಿದ ಅವನು. ಬಾಣಂತಿಗೆ ಬಕೆಟ್ಟು ಗಂಜಿ ಕುಡಿಸಿದ ಹಾಗೆ.

ಅಲ್ಲಿಗೇ ಬುದ್ಧಿ ಬಂದಿದ್ದರೆ ಚೆನ್ನಾಗಿತ್ತು. ಎಜಿಎಂ ಬ್ಯಾಟರಿ ಸ್ಟಾಕಿನಲ್ಲಿಲ್ಲ, ಬೆಲೆಯೂ ಎರಡರಷ್ಟು ಅಂತ ಅವನು ಸಾಮಾನ್ಯ ಬ್ಯಾಟರಿ ಹಾಕಿಕೊಟ್ಟ. ನಾನು ಸುಮ್ನೆ ತಲೆಯಾಡಿಸಿದೆ. 12 ವೋಲ್ಟ್ ಅಂದರೆ 12 ವೋಲ್ಟ್ ಅಲ್ವಾ ಅಂತ.

ಅಲ್ಲ. ಬಾನೆಟ್ ಕೆಳಗಿನ ಬ್ಯಾಟರಿಗೆ ಗಾಳಿ ಆಡುತ್ತದೆ. ಡಿಕ್ಕಿ ಅಂದರೆ ನಾವು ಕೂರುವ ಜಾಗಕ್ಕೇ ಅಂಟಿಕೊಂಡ ಪೆಟ್ಟಿಗೆ. ಸಾಮಾನ್ಯ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ನೂ ಆಸಿಡ್ ಆವಿಯೂ ಬರುತ್ತವೆ. ಕಂಪನಿಯ ಬ್ಯಾಟರಿಗೆ ಗ್ಯಾಸ್ ಹೊರಗೆ ಹೋಗಲು ಒಂದು ಸಣ್ಣ ಪೈಪ್ ಇರುತ್ತದೆ. ಹೊಸದಕ್ಕೆ ಅದನ್ನು ಸಿಕ್ಕಿಸುವ ತೂತೇ ಇರಲಿಲ್ಲ. ಪೈಪನ್ನು ಮಡಚಿ ಕಾರ್ಪೆಟ್ ಕೆಳಗೆ ತುರುಕಿದ್ದ ಪುಣ್ಯಾತ್ಮ. ಎರಡು ವಾರಕ್ಕೆ ಮಗಳು ಹಿಂದಿನ ಸೀಟಿನಲ್ಲಿ ಕೂತು "ಅಪ್ಪಾ, ಕಣ್ಣು ಉರಿಯುತ್ತೆ" ಅಂದಳು. ಡಿಕ್ಕಿ ತೆರೆದು ನೋಡಿದರೆ ಟರ್ಮಿನಲ್ ಮೇಲೆ ಬಿಳಿ ಪುಡಿ, ತಗಡಿನ ಮೇಲೆ ಅಂಗೈಯಗಲ ತುಕ್ಕು, ನನ್ನ ಆಫೀಸ್ ಬ್ಯಾಗಿನ ತಳದಲ್ಲಿ ಎರಡು ತೂತು. ಮುಚ್ಚಿದ ಡಿಕ್ಕಿಯಲ್ಲಿ ಹೈಡ್ರೋಜನ್ ತುಂಬಿ ಒಂದು ಕಿಡಿ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಮರುದಿನವೇ ಅದನ್ನು ಕಿತ್ತು ಹಾಕಿಸಿ ಸರಿಯಾದ ಎಜಿಎಂ ತರಿಸಿದೆ. ಪೈಪ್ ಸಿಕ್ಕಿಸಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ನೀವೂ ನಿಂತು ನೋಡಿ, ಸಂಕೋಚ ಬೇಡ. ಸೆಕೆಂಡ್ ಹ್ಯಾಂಡ್ ಕೊಂಡವರು ಇವತ್ತೇ ಡಿಕ್ಕಿಯ ಕಾರ್ಪೆಟ್ ಎತ್ತಿ, ಹಿಂದಿನ ಮಾಲೀಕರು ಯಾವ ಬ್ಯಾಟರಿ ಹಾಕಿಸಿದ್ದರು, ಪೈಪ್ ಇದೆಯಾ ಇಲ್ಲವಾ ಅಂತ ನೋಡಿಕೊಳ್ಳಿ. ಎಲ್ಲ ಹೈಬ್ರಿಡ್‌ಗಳಲ್ಲೂ ಸಣ್ಣ ಬ್ಯಾಟರಿ ಡಿಕ್ಕಿಯಲ್ಲೇ ಇರುವುದಿಲ್ಲ, ನಿಮ್ಮ ಕಾರಿನ ಪುಸ್ತಕ ಒಮ್ಮೆ ತಿರುವಿ.

ಈಗ ನಾನು ಮಾಡುವುದು ಇಷ್ಟು. ಕ್ಯಾಮೆರಾ ವೈರ್ ಬದಲಿಸಿ, ಕಾರು ಆಫ್ ಆದರೆ ಅದೂ ಆಫ್ ಆಗುವ ಹಾಗೆ ಮಾಡಿಸಿದ್ದೇನೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಓಡಿಸುತ್ತೇನೆ. ಮಳೆ ಜೋರಿದ್ದರೆ ನಿಂತಲ್ಲೇ ‘ರೆಡಿ’ಯಲ್ಲಿ ಇಡುತ್ತೇನೆ. ಗೇರು ಪಿ (ಪಾರ್ಕಿಂಗ್)ಯಲ್ಲಿರಬೇಕು. ಎನ್ (ನ್ಯೂಟ್ರಲ್)ನಲ್ಲಿಟ್ಟರೆ ದೊಡ್ಡ ಬ್ಯಾಟರಿಗೆ ಚಾರ್ಜ್ ಹೋಗುವುದಿಲ್ಲ. ಎಂಜಿನ್ ಸದ್ದು ನಿಂತರೆ ಗಾಬರಿ ಬೇಡ, ‘ರೆಡಿ’ ದೀಪ ಇರುವ ತನಕ ದೊಡ್ಡದು ಸಣ್ಣದಕ್ಕೆ ಉಣಿಸುತ್ತಲೇ ಇರುತ್ತದೆ. ಆದರೆ ‘ರೆಡಿ’ಗೆ ಬಾರದೆ ಬರೀ ಹಾಡು ಹಾಕಿಕೊಂಡು ಕಾರು ತೊಳೆಯುತ್ತೀರಲ್ಲ, ಅದು ಪೂರ್ತಿ ಸಣ್ಣ ಬ್ಯಾಟರಿಯ ತಲೆಯ ಮೇಲೆಯೇ. ವೋಲ್ಟ್ ಅಳೆಯಲು ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಒಂದು ಇಟ್ಟುಕೊಂಡಿದ್ದೇನೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6ರ ಮೇಲಿದ್ದರೆ ನೆಮ್ಮದಿ, 12.2 ಅಂದರೆ ಅರ್ಧ ಖಾಲಿ, 12ಕ್ಕೆ ಇಳಿದರೆ ಅವತ್ತೇ ಚಾರ್ಜ್. ಊರಿಗೆ ಎರಡು ವಾರಕ್ಕಿಂತ ಹೆಚ್ಚು ಹೋಗುವುದಿದ್ದರೆ ಎಜಿಎಂ ಮೋಡ್ ಇರುವ ಸಣ್ಣ ಚಾರ್ಜರ್ ಹಚ್ಚಿ ಹೋಗುತ್ತೇನೆ. ಅದರಲ್ಲಿ ‘ರಿಕಂಡಿಷನ್’ ಅಂತ ಒಂದು ಬಟನ್ ಇರುತ್ತದೆ, ಆ ಕಡೆ ಕೈ ಹಾಕಬೇಡಿ. ಹಲವು ಚಾರ್ಜರುಗಳಲ್ಲಿ ಅದು ಹದಿನೈದು ವೋಲ್ಟಿನ ಮೇಲೆ ಹೋಗುತ್ತದೆ. ಸ್ಮಾರ್ಟ್ ಕೀ ಮೊದಲು ಪಾರ್ಕಿಂಗಿಗೆ ಅಂಟಿದ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕಾರೂ ಕೀಯೂ ಇಡೀ ರಾತ್ರಿ ಮಾತಾಡಿಕೊಂಡಿರುತ್ತಿದ್ದವೋ ಏನೋ. ಈಗ ಅದು ಒಳಕೋಣೆಯ ಸ್ಟೀಲ್ ಡಬ್ಬಿಯಲ್ಲಿ.

ಹಾಂ, ಇನ್ನೊಂದು. ಹೋದ ವಾರ ಕಾಕಾ ಅವರ ಡೀಸೆಲ್ ಗಾಡಿ ಕೈಕೊಟ್ಟಿತು, ನನ್ನ ಕಾರಿನಿಂದ ಜಂಪ್ ಕೊಡು ಅಂದರು. ಆಗಲ್ಲ ಕಾಕಾ ಅಂದೆ. ಈ ಕಾರಿನ ಸಣ್ಣ ಬ್ಯಾಟರಿ, ಅದಕ್ಕೆ ಉಣಿಸುವ ಕನ್ವರ್ಟರ್, ಎರಡೂ ಇನ್ನೊಂದು ಎಂಜಿನ್ ತಿರುಗಿಸಲು ಮಾಡಿದವಲ್ಲ. "ಭಾಳ ಶಾಣ್ಯಾ ಆಗೀದಿ" ಅಂತ ನಾಲ್ಕು ದಿನ ಮಾತು ಬಿಟ್ಟಿದ್ದರು. ನಿನ್ನೆ ಅವರೇ ಬಂದು, ಡಿಕ್ಕಿಯ ತುಕ್ಕು ತಿಕ್ಕಿ ಬಣ್ಣ ಹೊಡೆಯಲು ನಾನಾ ಪೇಠೆಯಲ್ಲಿ ತಮ್ಮ ಪರಿಚಯದವರಿದ್ದಾರೆ ಅಂದರು. ಶನಿವಾರ ಇಬ್ಬರೂ ಹೋಗುತ್ತಿದ್ದೇವೆ.