ತೆಪ್ಪವೋ ತೊಟ್ಟಿಯೋ: ಕಡಲಕಳೆಯ ನೀರಿನ ಲೆಕ್ಕಕ್ಕೆ ಯಾವುದು?

ಕಡಲಕಳೆ ಕೃಷಿಗೆ ಎಷ್ಟು ನೀರು ಖರ್ಚಾಗುತ್ತದೆಂದು ಅಳೆಯುವ ವಿದ್ಯಾರ್ಥಿ ಪ್ರಾಜೆಕ್ಟಿಗೆ ಸಮುದ್ರದ ತೆಪ್ಪ, ದಡದ ತೊಟ್ಟಿ ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಮೊದಲು ತೀರ್ಮಾನಿಸಿ: ಅಳೆಯಬೇಕಾದ್ದು ಸಿಹಿನೀರೋ, ಉಪ್ಪುನೀರೋ?

ತಮಿಳುನಾಡಿನ ಮಂಡಪಂ ಕಡೆ ಕಪ್ಪಾಫೈಕಸ್ ಎಂಬ ಕಡಲಕಳೆಯನ್ನು ಬೆಳೆಯುವುದು 3 × 3 ಮೀಟರಿನ ಬಿದಿರಿನ ತೆಪ್ಪದಲ್ಲಿ. 20 ಹಗ್ಗ, ಹಗ್ಗಕ್ಕೆ 20 ತುಂಡು, ತುಂಡಿಗೆ 150 ಗ್ರಾಂ. ಒಟ್ಟು 60 ಕಿಲೋ ಬಿತ್ತನೆ, ಸುಮಾರು 45 ದಿನಕ್ಕೆ ಕೊಯ್ಲು. ಬೆಳೆಗೆ ಸಿಹಿನೀರು ಬೇಡವೇ ಬೇಡ. ಹಾಗಂತ ವರದಿಯಲ್ಲಿ ಸೊನ್ನೆ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಒಣಗಿದ ಕಳೆಯಿಂದ ಕ್ಯಾರಜೀನನ್ (ಆಹಾರವನ್ನು ಗಟ್ಟಿಯಾಗಿಸುವ ಅಂಟು) ತಯಾರಿಸುವಾಗ ಅದನ್ನು ಕ್ಷಾರದಲ್ಲಿ ಬೇಯಿಸಿ, ಕ್ಷಾರ ಹೋಗುವವರೆಗೆ ತೊಳೆಯುತ್ತಾರೆ. ಖರ್ಚು ಇರುವುದು ಅಲ್ಲಿ. ಮೀಟರನ್ನೂ ಅಲ್ಲಿಯೇ ಕೂರಿಸಿ, ಹೊರಬಿಡುವ ನೀರಿನ ಪಿಎಚ್ ಬರೆದಿಡಿ.

ಸಮುದ್ರ ಕಾದರೆ, ಮಳೆಗೆ ಉಪ್ಪಿನಂಶ ಇಳಿದರೆ ಕಳೆಯ ಕೊಂಬೆ ಬಿಳಿಚಿ ಮುರಿಯುತ್ತದೆ, ಇದೇ ಐಸ್-ಐಸ್ ಎಂಬ ರೋಗ. ಕಪ್ಪಾಫೈಕಸ್ ಹೊರದೇಶದ ಕಳೆ, ಮಂಡಪಂ ಬಳಿಯ ಕುರುಸಡೈ ದ್ವೀಪದ ಹವಳಗಳ ಮೇಲೂ ಹಬ್ಬಿದೆ. ಸುಸ್ಥಿರತೆಯ ಅಧ್ಯಾಯದಲ್ಲಿ ಇದನ್ನು ಬಿಟ್ಟರೆ ಅರ್ಧ ಸತ್ಯ.

ತೊಟ್ಟಿ ಕೃಷಿಗೆ ದಕ್ಷಿಣ ಆಫ್ರಿಕಾದ ಅಬಲೋನ್ ಎಂಬ ಚಿಪ್ಪುಜೀವಿ ಸಾಕುವ ಫಾರ್ಮುಗಳು ಮಾದರಿ: ಅದರ ಕೊಳೆನೀರಲ್ಲಿ ಉಲ್ವಾ ಎಂಬ ಹಸಿರು ಕಡಲಕಳೆ ಬೆಳೆಯುತ್ತದೆ, ಅದೇ ಮತ್ತೆ ಮೇವು. ನೀರು ಮರುಬಳಕೆಯಾಗುತ್ತದೆ, ಆದರೆ ಪಂಪಿನ ಕರೆಂಟು ಬಿಲ್ಲು ಲೆಕ್ಕಕ್ಕೆ ಬರಬೇಕು. ನಿಂತ ನೀರಿನ 10 ಚದರ ಮೀಟರ್ ತೊಟ್ಟಿಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 50 ಲೀಟರ್ ಹೋಯಿತು, ಉಪ್ಪು ಉಳಿಯುತ್ತದೆ. ಆ ಕೊರತೆಗೆ ಸಮುದ್ರದ ನೀರನ್ನೇ ಸುರಿದರೆ ಲವಣಾಂಶ ಏರುತ್ತಲೇ ಹೋಗುತ್ತದೆ, ಸಿಹಿನೀರೇ ಬೇಕು.

ಒಂದೇ ಸೆಮಿಸ್ಟರ್ ಇದ್ದರೆ ತೊಟ್ಟಿ ಹಿಡಿಯಿರಿ. ಸಂಸ್ಕರಣಾ ಘಟಕದೊಳಗೆ ಅಳತೆಗೆ ಅನುಮತಿ ಸಿಕ್ಕರೆ ಮಾತ್ರ ತೆಪ್ಪ.